ಅಗಸಿಯೊಳಗೆ ಎರಡು ಸೀಟಿನ ಗಾಡಿ

ನಾನು ಕೊಂಡ ಮೊದಲ ಕಾರಿಗೆ ಮೇಲ್ಛಾವಣಿ ಇರಲಿಲ್ಲ. ಇತ್ತು ಅಂದರೂ ಸುಳ್ಳಲ್ಲ. ಸೀಟಿನ ಹಿಂದೆ ಮಡಿಚಿಟ್ಟ ಒಂದು ಕ್ಯಾನ್ವಾಸ್ ಇತ್ತು, ಬಿಚ್ಚಿ ಎಳೆದರೆ ಇಲಿ ಕಡಿದ ತೂತುಗಳಿಂದ ಆಕಾಶ ಕಾಣುತ್ತಿತ್ತು. ಸೀಟು ಎರಡೇ. ಗಾಡಿ ನೆಲಕ್ಕೆ ಎಷ್ಟು ಹತ್ತಿರವೆಂದರೆ, ಕುಳಿತವನು ಕೈ ಇಳಿಬಿಟ್ಟರೆ ರಸ್ತೆಯ ಜಲ್ಲಿ ಹೆಕ್ಕಬಹುದಿತ್ತು. ಮಳೆ ಬಂದರೆ ಎತ್ತಿನ ಗಾಡಿಯ ಚಕ್ರವೂ ನಡುವಿನ ಗುಂಬದವರೆಗೆ ಹೂತು ಹೋಗುವ ಚಿತ್ತಾಪುರ ತಾಲೂಕಿನ ಕರಿಮಣ್ಣಿನಲ್ಲಿ ಓಡಿಸಲು ಒಬ್ಬ ಲೋಕೋಪಯೋಗಿ ಇಲಾಖೆಯ ಜೂನಿಯರ್ ಎಂಜಿನಿಯರ್ ಇಂಥ ಗಾಡಿ ಕೊಳ್ಳುತ್ತಾನೆಂದರೆ ಅವನ ತಲೆ ನೆಟ್ಟಗಿಲ್ಲ ಎಂದೇ ಅರ್ಥ. ಕಚೇರಿಯಲ್ಲಿ ಹಾಗೆಯೇ ಅಂದರು. ಹೆಡ್ ಕ್ಲಾರ್ಕ್ ಅಂತೂ, ಮುಚ್ಚಿದ ಕಾರು ತಗೊಂಡರೆ ಮುಂದೆ ಹೆಂಡತಿ ಮಕ್ಕಳಿಗಾದರೂ ಆಗುತ್ತದೆ ಎಂದು ಎರಡು ದಿನ ಬುದ್ಧಿ ಹೇಳಿದ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ನಿನ್ನ ಕೆಲಸ ನೋಡಿಕೋ ಅಂದೆ. ಕಾರಣ ಹೇಳಲಿಲ್ಲ.

ಕಾರಣ ನಮ್ಮ ಊರಿನ ಅಗಸಿ. ಚಿತ್ತಾಪುರದಿಂದ ಮಳಖೇಡದ ದಿಕ್ಕಿಗೆ ಹೋದರೆ ಕಾಗಿಣಾ ನದಿಯ ದಂಡೆಯಲ್ಲಿ ನಮ್ಮ ಊರು. ಹಳೇ ಕಾಲದ ಕೋಟೆಗೋಡೆ ಬಿದ್ದು ಹೋಗಿದೆ, ಬಾಗಿಲು ಮಾತ್ರ ಕಮಾನಿನ ಸಮೇತ ಗಟ್ಟಿಯಾಗಿ ನಿಂತಿದೆ. ಅದೇ ಅಗಸಿ. ಅದರ ಒಳಮಗ್ಗುಲಿಗೆ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಯಾವಾಗಲೂ ಗೌಡರು ಮತ್ತು ನಾಲ್ಕು ಮಂದಿ. ನಮ್ಮ ಕೇರಿ ಊರಿನ ಆ ತುದಿಗೆ, ಎಲ್ಲ ಮನೆಗಳೂ ಮುಗಿದ ಮೇಲೆ. ನಮ್ಮ ಕೇರಿಯವರು ಅಗಸಿಯನ್ನು ಗಾಡಿಯ ಮೇಲೆ ಕುಳಿತು ದಾಟುವಂತಿರಲಿಲ್ಲ. ಹತ್ತು ಹೆಜ್ಜೆ ಮೊದಲೇ ಇಳಿಯಬೇಕು, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿಯಬೇಕು, ತಲೆ ಬಗ್ಗಿಸಿ ಎತ್ತಿನ ಪಕ್ಕದಲ್ಲಿ ನಡೆಯಬೇಕು, ಕಟ್ಟೆ ದಾಟಿದ ಮೇಲೆ ಮತ್ತೆ ಹತ್ತಬೇಕು. ಬೇಡವೆಂದರೆ ಊರ ಹೊರಗಿನಿಂದ ಹಳ್ಳದ ದಾರಿ ಇತ್ತು.

ಅಪ್ಪ ಶಹಾಬಾದಿನ ಕಲ್ಲುಗಣಿಯಲ್ಲಿ ದುಡಿಯುತ್ತಿದ್ದ. ಊರಲ್ಲಿ ಯಾರಿಗಾದರೂ ಫರಸಿ ಕಲ್ಲು ಬೇಕಾದರೆ ಗುತ್ತಿಗೆದಾರರ ಗಾಡಿಯಲ್ಲಿ ಅವನೇ ತಂದು ಹಾಸಿ ಹೋಗುತ್ತಿದ್ದ. ಹಾಗೆ ಒಮ್ಮೆ ನಾನೂ ಅವನ ಜೊತೆ ಬರುತ್ತಿದ್ದೆ. ಆರೋ ಏಳೋ ವರ್ಷ ಇರಬಹುದು. ಕಲ್ಲಿನ ಮೇಲೆ ಹುಲ್ಲು, ಹುಲ್ಲಿನ ಮೇಲೆ ನಾನು, ಒಳ್ಳೇ ನಿದ್ದೆ. ಯಾರೋ ಎತ್ತಿದಂತಾಗಿ ಅರೆಗಣ್ಣು ತೆರೆದೆ. ಅಪ್ಪ ನನ್ನನ್ನು ಹೆಗಲಿಗೆ ಹಾಕಿಕೊಂಡು ಅಗಸಿಯೊಳಗೆ ನಡೆಯುತ್ತಿದ್ದ. ಕಟ್ಟೆ ದಾಟಿದ ಮೇಲೆ ಮತ್ತೆ ಗಾಡಿಯ ಮೇಲೆ ಮಲಗಿಸಿ ಹುಲ್ಲು ಸರಿಮಾಡಿದ. ಮಲಗಿದ ಮಗುವೂ ಗಾಡಿಯ ಮೇಲೆ ಅಗಸಿ ದಾಟಬಾರದು. ಆವತ್ತು ನನಗೇನೂ ಅನ್ನಿಸಲಿಲ್ಲ. ಓದಿ ದೊಡ್ಡವನಾದ ಮೇಲೆ ಅದು ನೆನಪಾದಾಗೆಲ್ಲ ಆ ಅಗಸಿಯನ್ನೇ ಕಿತ್ತು ಹಾಕಬೇಕು ಅನ್ನಿಸುತ್ತಿತ್ತು.

ಕಾರು ಕೊಂಡ ಹೊತ್ತಿಗೆ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದು ಎರಡು ಮೂರು ವರ್ಷವಾಗಿತ್ತು. ಹೀಗೆ ಇಳಿಸಬಾರದೆಂಬ ಕಾನೂನು ಅದಕ್ಕಿಂತ ಎಷ್ಟೋ ಮೊದಲೇ ಬಂದಿತ್ತು. ಇಳಿ ಅಂತ ಈಗ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ, ನಮ್ಮವರೇ ಇಳಿಯುತ್ತಿದ್ದರು. ಇಲಾಖೆಯ ಜೀಪಿನಲ್ಲಿ ನಾನು ಆ ಅಗಸಿ ದಾಟಿದ್ದೆ, ಆದರೆ ಜೀಪು ಸರಕಾರದ್ದು, ಒಳಗೆ ಯಾರಿದ್ದಾರೆ ಅಂತ ಹೊರಗಿನವರಿಗೆ ನೆಟ್ಟಗೆ ಕಾಣುವುದೂ ಇಲ್ಲ. ನನಗೆ ಬೇಕಾಗಿದ್ದು ಒಂದೇ: ನನ್ನ ಅಪ್ಪ ಇಳಿಯದೆ, ಕುಳಿತಲ್ಲೇ ಕುಳಿತು, ಎಲ್ಲರ ಕಣ್ಣೆದುರು ಆ ಅಗಸಿ ದಾಟಬೇಕು. ಮುಚ್ಚಿದ ಕಾರಿನಿಂದ ಆ ಕೆಲಸ ಆಗುತ್ತಿರಲಿಲ್ಲ. ಶಹಾಬಾದಿನ ಸಿಮೆಂಟ್ ಕಾರ್ಖಾನೆಯ ಕೆಲಸ ಬಿಟ್ಟು ತಮ್ಮ ಊರಿಗೆ ಮರಳುತ್ತಿದ್ದ ಒಬ್ಬ ಸಾಹೇಬರು ತಮ್ಮ ವಿಲಾಯತಿ ಗಾಡಿ ಮಾರುತ್ತಾರೆ ಎಂದು ಗೊತ್ತಾದಾಗ, ಹೋಗಿ ನೋಡಿದೆ. ಛಾವಣಿ ಇಲ್ಲದ್ದು ನೋಡಿದ ಕೂಡಲೇ ಮಾತು ಮುಗಿಸಿದೆ. ಅಪ್ಪನಿಗೆ ಮಾತ್ರ ಒಳಗಿನ ವಿಚಾರ ಹೇಳಲಿಲ್ಲ. ಹೇಳಿದ್ದರೆ ಬರುತ್ತಲೇ ಇರಲಿಲ್ಲ.

ಗಾಡಿ ತರಲು ಒಂದು ಭಾನುವಾರ ಮುಂಜಾನೆ ಅಪ್ಪನನ್ನು ಕರೆದುಕೊಂಡು ಬಸ್ಸಿನಲ್ಲಿ ಶಹಾಬಾದಿಗೆ ಹೋದೆ. ಜೋಳದ ರಾಶಿ ನಡೆಯುವ ಕಾಲ, ಚಳಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಅಪ್ಪ ಗಣಿ ಬಿಟ್ಟು ನಾಲ್ಕು ವರ್ಷವಾಗಿದ್ದರೂ ಅವನ ಸಣ್ಣ ಸುತ್ತಿಗೆ ಅಂಗಿಯ ಕಿಸೆ ಬಿಟ್ಟಿರಲಿಲ್ಲ. ಗಣಿಯಲ್ಲಿ ಕಲ್ಲನ್ನು ಪದರು ಪದರಾಗಿ ಎಬ್ಬಿಸುತ್ತಾರೆ. ಗಾಡಿಗೆ ಹೇರುವ ಮೊದಲು ಒಂದೊಂದು ಹಾಸನ್ನೂ ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಾರೆ. ಖಣ್ ಅಂದರೆ ಗಟ್ಟಿ. ಬದ್ ಅಂದರೆ ಒಳಗೆಲ್ಲೋ ಬಿರುಕಿದೆ, ಕಣ್ಣಿಗೆ ಕಾಣದಿದ್ದರೂ ಪೊಳ್ಳು. ಆ ವಿದ್ಯೆಯಲ್ಲಿ ಅಪ್ಪನನ್ನು ಮೀರಿಸುವವರು ಶಹಾಬಾದಿನಲ್ಲಿ ಇರಲಿಲ್ಲ.

ಸಾಹೇಬರ ಬಂಗಲೆಯ ಅಂಗಳದಲ್ಲಿ ಗಾಡಿ ತೊಳೆದು ನಿಲ್ಲಿಸಿದ್ದರು. ಎಷ್ಟು ತೊಳೆದರೂ ಹಸಿರು ಬಣ್ಣದ ಮೇಲೆ ಸಿಮೆಂಟಿನ ಬೂದು ಇದ್ದೇ ಇತ್ತು. ನಾನು ಕಾಗದಪತ್ರ ನೋಡುತ್ತಿದ್ದರೆ ಅಪ್ಪ ಗಾಡಿಯ ಸುತ್ತ ಬಂದ. ಮೊದಲು ಬೆರಳ ಗೆಣ್ಣಿನಿಂದ ತಟ್ಟಿದ, ಆಮೇಲೆ ಸುತ್ತಿಗೆಯ ಹಿಡಿಯಿಂದ. ಸಾಹೇಬರ ಮುಖ ನೋಡಿ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಎಡಗಡೆಯ ಮುಂದಿನ ಚಕ್ರದ ಮೇಲೆ ಕೈಯಿಟ್ಟು ಅಪ್ಪ ಅಂದ, "ತಮ್ಮಾ, ಇಲ್ಲಿ ಪೊಳ್ಳದ. ತಗಡಲ್ಲ ಇದು."

ಸಾಹೇಬರಿಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ, ಆದರೆ ಕೈ ಎಲ್ಲಿದೆ ಅಂತ ನೋಡಿ ನಕ್ಕುಬಿಟ್ಟರು. ಬಂದ ಹೊಸತರಲ್ಲಿ ಒಂದು ಎಮ್ಮೆಗೆ ತಾಗಿಸಿದ್ದರಂತೆ, ನುಗ್ಗಾದ ಜಾಗಕ್ಕೆ ತಗಡಿನ ಬದಲು ಲಪ್ಪದ ಮೆತ್ತು ತುಂಬಿ ಬಣ್ಣ ಬಳಿಸಿದ್ದರಂತೆ, ಹೇಳುವುದು ಮರೆತೇ ಹೋಗಿತ್ತಂತೆ. ನಾನು ಅದನ್ನು ಅಪ್ಪನಿಗೆ ಹೇಳಿದೆ. ಎಮ್ಮೆ ಬದುಕಿತೋ ಕೇಳು ಅಂದ. ಕೇಳಿದೆ. ಬದುಕಿತು, ಈಗಲೂ ಹಾಲು ಕೊಡುತ್ತದೆ ಅಂದರು. ಹಾಗಾದರೆ ತಗೋ ಎಂದು ಅಪ್ಪ ಸುತ್ತಿಗೆಯನ್ನು ಕಿಸೆಗೆ ಹಾಕಿಕೊಂಡ. ಹೀಗೆ ಗಾಡಿ ನಮ್ಮದಾಯಿತು.

ಹತ್ತಿಸುವುದೇ ದೊಡ್ಡ ಕೆಲಸವಾಯಿತು. ಅಪ್ಪ ಜೀವಮಾನವೆಲ್ಲ ಲಾರಿಯ ಹಿಂದೆ ಕಲ್ಲಿನ ಮೇಲೆ ಕುಳಿತು ಓಡಾಡಿದವನು. ಇಲ್ಲೂ ಮಡಿಚಿದ ಕ್ಯಾನ್ವಾಸಿನ ಮೇಲೆ ಕುಕ್ಕರಗಾಲಲ್ಲಿ ಕೂರಲು ಹೋದ. ಮುಂದೆ ಬಾ ಅಂದೆ. ಮುಂದೆ ಬಂದವನು ಚಪ್ಪಲಿ ಕಳಚಿ ತೊಡೆಯ ಮೇಲೆ ಇಟ್ಟುಕೊಂಡ. ಒಳಗೆ ಧೂಳೇ ತುಂಬಿದೆ, ಹಾಕಿಕೋ ಅಂದರೆ ಕೇಳಲಿಲ್ಲ. ಹೊಸ ಗಾಡಿಯಲ್ಲಿ ಮೊದಲ ದಿನವೇ ಜಗಳ ಬೇಡ ಎಂದು ನಾನೂ ಸುಮ್ಮನಾದೆ.

ಹೊರಟ ಮೇಲೆ ಮಾತ್ರ ನನಗೆ ಖುಷಿಯೋ ಖುಷಿ. ಎದೆ ಉಬ್ಬಿತ್ತು ಅಂತ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಎರಡೂ ಕಡೆ ಕಟಾವಾದ ಜೋಳದ ಹೊಲದ ವಾಸನೆ. ನಾನೇ ನಿಂತು ಡಾಂಬರು ಹಾಕಿಸಿದ ರಸ್ತೆಯ ತುಣುಕು ಬಂದಾಗ ಗಾಡಿ ನುಣ್ಣಗೆ ಓಡಿತು, ಬೇರೆಯವರು ಹಾಕಿಸಿದ ತುಣುಕು ಬಂದಾಗ ಬೆನ್ನುಮೂಳೆ ಎಣಿಸಿಕೊಳ್ಳಬಹುದಿತ್ತು. ವಾಡಿಯಲ್ಲಿ ರೈಲು ಗೇಟು ಹಾಕಿತ್ತು. ನಮ್ಮ ಗಾಡಿ ಎಷ್ಟು ಕುಳ್ಳಗಿತ್ತೆಂದರೆ, ಪಕ್ಕದಲ್ಲಿ ನಿಂತ ಎತ್ತು ನಮ್ಮನ್ನು ಮೇಲಿನಿಂದ ನೋಡುತ್ತಿತ್ತು. ಗೂಡ್ಸ್ ಗಾಡಿಯ ಕೊನೆಯ ಡಬ್ಬಿಯಲ್ಲಿದ್ದ ಗಾರ್ಡು ನಮ್ಮನ್ನು ನೋಡಿ ಹಸಿರು ಬಾವುಟ ಬೀಸಿದ. ಅಪ್ಪ ಹಿಂದೆ ತಿರುಗಿ ನೋಡಿದ, ಯಾರಿಗೆ ಬೀಸಿದ್ದು ಅಂತ. ನಮಗೇ ಅಂದೆ. ನಂಬಲಿಲ್ಲ.

ವಾಡಿ ದಾಟಿದ ಮೇಲೆ ಅಪ್ಪನ ರುಮಾಲು ಗಾಳಿಗೆ ಬಿಚ್ಚಿಕೊಂಡು ಹಿಂದೆ ಹಾರಿ ಹೋಯಿತು. ಗಾಡಿ ತಿರುಗಿಸಿ ತರುವಷ್ಟರಲ್ಲಿ ಅದು ಜಾಲಿ ಗಿಡಕ್ಕೆ ಸಿಕ್ಕಿ ಎರಡು ಕಡೆ ಹರಿದಿತ್ತು. ಆಮೇಲೆ ಅದನ್ನು ತಲೆಗೆ ಸುತ್ತದೆ ಚಪ್ಪಲಿಯ ಕೆಳಗೆ ಒತ್ತಿ ಹಿಡಿದುಕೊಂಡ. ಬೋಳುತಲೆಗೆ ಬಿಸಿಲು ಬಡಿದರೂ ಅವನ ಮುಖದಲ್ಲಿ ಒಂದು ಸಣ್ಣ ನಗು ಬಂದು ಕೂತಿತ್ತು. ಚಿತ್ತಾಪುರದಲ್ಲಿ ಚಹಾ ಕುಡಿಯಲು ನಿಂತೆವು. ಕ್ಷಣದಲ್ಲಿ ಮಂದಿ ಮುತ್ತಿದರು. ಇದಕ್ಕೆ ಛತ್ತ ಎಲ್ಲಿದೆ ಅಂತ ಒಬ್ಬ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅಪ್ಪ, ಛತ್ತ ಮುಂದಿನ ತಿಂಗಳು ರೈಲಿನಲ್ಲಿ ಬರುತ್ತದೆ ಎಂದು ಗಂಭೀರವಾಗಿ ಹೇಳಿ ಬಶಿಯಲ್ಲಿನ ಚಹಾ ಸುರ್ರನೆ ಹೀರಿದ. ಕೇಳಿದವನು ನಂಬಿದ. ಈ ಮನುಷ್ಯನಿಗೆ ಹೀಗೆ ಮಾತಾಡಲು ಬರುತ್ತದೆ ಅಂತ ನನಗೆ ಆವತ್ತೇ ಗೊತ್ತಾದದ್ದು.

ಊರು ಹತ್ತಿರ ಬಂದಂತೆ ಆ ನಗು ಮಾಯವಾಯಿತು. ಹಳ್ಳದ ದಾರಿ ಎಡಕ್ಕೆ ಒಡೆಯುವ ಜಾಗದಲ್ಲಿ ಅಪ್ಪ, ಹಳ್ಳದ ಕಡೆಯಿಂದ ಹೋಗೋಣ, ಅದೇ ಸಮೀಪ ಅಂದ. ಅದು ಸಮೀಪ ಅಲ್ಲ ಅಂತ ಇಬ್ಬರಿಗೂ ಗೊತ್ತು. ಗಾಳಿಯ ಸದ್ದಿಗೆ ಕೇಳಿಸಲಿಲ್ಲ ಎಂಬಂತೆ ನಾನು ನೆಟ್ಟಗೆ ಹೊಡೆದೆ. ಅಗಸಿಯ ಕಮಾನು ಕಂಡಿತು. ಕಟ್ಟೆಯ ಮೇಲೆ ಗೌಡರು ಇದ್ದರು, ಅವರ ಸುತ್ತ ಆ ನಾಲ್ಕು ಮಂದಿಯೂ ಇದ್ದರು. ಇಂಥ ದಿನ ಅವರು ಇಲ್ಲದೆ ಹೋಗುತ್ತಾರೆಯೇ?

ಹತ್ತು ಹೆಜ್ಜೆ ಇರುವಾಗ ಅಪ್ಪ ನಿಲ್ಲಿಸು ಅಂದ. ಆ ದನಿಗೆ ನನ್ನ ಕಾಲು ತಾನಾಗಿಯೇ ಬ್ರೇಕು ತುಳಿಯಿತು. ಅಪ್ಪ ಬಾಗಿಲು ತೆಗೆದು, ಚಪ್ಪಲಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಇಳಿದ.

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ಕಾದದ್ದು, ಕಚೇರಿಯೆಲ್ಲ ಹುಚ್ಚ ಅಂದರೂ ಈ ಗಾಡಿ ಕೊಂಡದ್ದು, ಎಲ್ಲ ಹೊಳೆಯಲ್ಲಿ ಹುಣಸೆ ಹಣ್ಣು ಕಿವುಚಿದಂತೆ ಆಯಿತಲ್ಲ ಅನ್ನಿಸಿತು. ಕಟ್ಟೆಯವರಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ, ಆದರೆ ಹಲ್ಲು ಕಡಿದು ಅಂದೆ, "ಯಪ್ಪಾ, ತಿರುಗಿ ಗಾಡಿ ಹತ್ತು. ನೀ ನಡಕೊಂಡು ಹ್ವಾದ್ರ ಈ ಗಾಡಿ ಇಲ್ಲೇ ಸುಟ್ಟು ಹಾಕ್ತೀನಿ."

ಅವನು ತಿರುಗಿ ನೋಡಲಿಲ್ಲ. ಅಗಸಿಯ ಹೊಸ್ತಿಲವರೆಗೆ ನಡೆದು ಅಲ್ಲಿ ಕುಕ್ಕರಗಾಲಲ್ಲಿ ಕೂತ. ಕಿಸೆಯಿಂದ ಸುತ್ತಿಗೆ ತೆಗೆದ. ಆ ಹೊಸ್ತಿಲ ಕೆಳಗೆ ಊರ ನೀರು ಹೋಗುವ ಮೋರಿ ಇದೆ. ಮೋರಿಯ ಮೇಲೆ ನಾಲ್ಕು ದೊಡ್ಡ ಹಾಸುಗಲ್ಲು. ಆ ಕಲ್ಲುಗಳನ್ನು ಶಹಾಬಾದಿನಿಂದ ತಂದು ಹಾಸಿದವನು ಇದೇ ಅಪ್ಪ, ನಾನು ಹುಟ್ಟಿದ ವರ್ಷ. ಬಲಗಡೆಯಿಂದ ಶುರುಮಾಡಿ ಒಂದೊಂದನ್ನೇ ತಟ್ಟಿ ಕಿವಿಗೊಟ್ಟ. ಖಣ್. ಖಣ್. ಮೂರನೆಯದು ಬದ್ ಅಂದಿತು. ಅದು ಗಾಡಿಯಲ್ಲಿ ಕುಳಿತ ನನಗೂ ಕೇಳಿಸಿತು.

"ಎಡಕಿಂದು ಪೊಳ್ಳಾಗ್ಯಾದ ತಮ್ಮಾ," ಅಂದ. "ಬಲಕ್ಕ ಹಿಡಿ."

ಸೇತುವೆ, ಮೋರಿ, ಭಾರ ಎಂದು ಐದು ವರ್ಷ ಓದಿ ಸರ್ಟಿಫಿಕೇಟು ತಂದವನು ನಾನು. ಆ ಕಲ್ಲು ಗಾಡಿಯ ಭಾರ ತಡೆಯುತ್ತದೋ ಇಲ್ಲವೋ ಅಂತ ನನ್ನ ತಲೆಗೆ ಹೊಳೆದಿರಲಿಲ್ಲ. ನನ್ನ ತಲೆಯಲ್ಲಿ ಬರೀ ಕಟ್ಟೆ ಇತ್ತು. ಸಿಟ್ಟೆಲ್ಲ ಜರ್ರನೆ ಇಳಿದು ನಾಚಿಕೆಯಾಯಿತು.

ಅಪ್ಪ ಎದ್ದ. ಎದ್ದವನು ತನ್ನ ಎಡಗೈ ನೋಡಿದ. ಅಲ್ಲಿ ಚಪ್ಪಲಿ ಇದ್ದವು. ಕಲ್ಲು ನೋಡಲು ಇಳಿದದ್ದು ನಿಜ, ಆದರೆ ಚಪ್ಪಲಿ ಕೈಗೆ ಬಂದದ್ದು ಮಾತ್ರ ಹಳೇ ರೂಢಿಯಿಂದ. ಅದನ್ನು ಅವನೂ ಆಮೇಲೆ ಒಪ್ಪಿದ. ಸ್ವಲ್ಪ ಹೊತ್ತು ಅವನ್ನೇ ನೋಡುತ್ತ ನಿಂತ. ಆಮೇಲೆ ತಾನೇ ಹಾಸಿದ ಕಲ್ಲಿನ ಮೇಲೆ ಅವನ್ನು ಇಟ್ಟು, ಒಂದಾದ ಮೇಲೊಂದು ಕಾಲಿಗೆ ಮೆಟ್ಟಿಕೊಂಡ. ನಡೆದು ಬಂದು ಗಾಡಿ ಹತ್ತಿ ಕೂತ. ಹರಿದ ರುಮಾಲನ್ನು ಬಿಡಿಸಿ ತಲೆಗೆ ಸುತ್ತಿಕೊಂಡ. ಬಾಗಿಲು ಎರಡು ಸಲ ಬಡಿದರೇ ಮುಚ್ಚುತ್ತಿತ್ತು. ಎರಡು ಸಲ ಬಡಿದ.

"ಹೂಂ, ನಡಿ. ಮೆಲ್ಲಗ ನಡಿ," ಅಂದ.

ಬಲಗಡೆಯ ಕಲ್ಲು ಗಟ್ಟಿ ಇದೆಯಲ್ಲ, ಮತ್ತೆ ಮೆಲ್ಲಗೆ ಯಾಕೆ ಎಂದು ನಾನು ಕೇಳಿದೆ.

"ಕಲ್ಲಿನ ಸಲುವಾಗಿ ಅಲ್ಲೋ," ಅಂದ.

ಮೊದಲನೇ ಗೇರಿನಲ್ಲೇ ಹೋದೆ. ಅಷ್ಟು ಮೆಲ್ಲಗೆ ನಾನು ಆಮೇಲೆ ಯಾವ ಗಾಡಿಯನ್ನೂ ಓಡಿಸಿಲ್ಲ. ಕಟ್ಟೆಯ ಹತ್ತಿರ ಬಂದಾಗ ಗೌಡರು ಕೈ ಎತ್ತಿ ನಿಲ್ಲಿಸಿದರು. ಅಪ್ಪನ ವಾರಿಗೆಯವರೇ. ಇಬ್ಬರೂ ಆ ಊರಲ್ಲೇ ಹುಟ್ಟಿ ಬೆಳೆದು ಮುದುಕರಾದವರು, ಆದರೆ ಒಬ್ಬರು ಕಟ್ಟೆಯ ಮೇಲೆ, ಇನ್ನೊಬ್ಬ ಕೆಳಗೆ. ಅವರು ಇಳಿದು ಬಂದರು. ಬಂದು ಗಾಡಿಯ ಮೂತಿಯ ಮೇಲೆ ಕೈಯಾಡಿಸಿದರು, ದೀಪ ಮುಟ್ಟಿದರು, ಸುತ್ತು ಬಂದರು. ಅಪ್ಪನ ಕಾಲು ನೋಡಿದರು, ಚಪ್ಪಲಿ ನೋಡಿದರು. ಕಡೆಗೆ ಅವರ ದನಿಯಲ್ಲಿ ನಾನು ಎಂದೂ ಕೇಳದ ಒಂದು ಸಂಕೋಚ ಬಂತು. "ನಾನೂ ಒಂದ್ ಸುತ್ತ ಕುಂದ್ರಲೇನು?" ಅಂದರು.

ಕಟ್ಟೆಯ ಮೇಲಿದ್ದವರು ಎದ್ದು ನಿಂತರು. ಗೌಡರು ಕೇಳಿದ ಮೇಲೆ ಅಪ್ಪ ಏಳಬೇಕು. ಅರವತ್ತು ವರ್ಷದ ಲೆಕ್ಕದಲ್ಲಿ ಅದು ಮಾತಾಡದೆ ಆಗುವ ಕೆಲಸ. ಅಪ್ಪನ ಕೈ ಬಾಗಿಲ ಹಿಡಿಯ ಮೇಲೆ ಇತ್ತು. ನಾನು ಸ್ಟೀರಿಂಗನ್ನೇ ನೋಡುತ್ತಿದ್ದೆ.

"ಇವತ್ತ ಜಾಗಾ ಇಲ್ರಿ ಗೌಡ್ರೇ," ಅಪ್ಪ ಅಂದ. "ಎರಡಾ ಸೀಟ ಅವ. ನಾಳಿ ಬರ್ರಿ."

ದನಿಯಲ್ಲಿ ಸೊಕ್ಕು ಇರಲಿಲ್ಲ. ಬಸ್ಸಿನ ಕಂಡಕ್ಟರ್ ಹೇಳುವ ಹಾಗೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಗೌಡರು, ನಾಳೆ ಅಂದರೆ ನಾಳೆ ಎಂದು ಪಕ್ಕಕ್ಕೆ ಸರಿದರು. ಮಾತಿಗೆ ತಪ್ಪಲಿಲ್ಲ, ಮರುದಿನ ಬಂದು ಅಪ್ಪ ಕೂತಿದ್ದ ಸೀಟಿನಲ್ಲಿ ಕೂತು ಚಿತ್ತಾಪುರದವರೆಗೆ ಹೋಗಿ ಬಂದರು. ಆವತ್ತು ಮಾತ್ರ ನಾವು ಮುಂದೆ ಹೋದೆವು. ಕಟ್ಟೆ ದಾಟಿ ಎಷ್ಟೋ ಹೊತ್ತಾದ ಮೇಲೆ ಅಪ್ಪ ಬಾಗಿಲ ಹಿಡಿಯಿಂದ ಕೈ ತೆಗೆದ. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಗಾಳಿಗೆ ಬಂದದ್ದು ಅಂತ ಹೇಳಲು ಗಾಡಿ ಅಷ್ಟು ಜೋರಾಗಿ ಓಡುತ್ತಿರಲಿಲ್ಲ.

ನಮಗಿಂತ ಮೊದಲೇ ಸುದ್ದಿ ಕೇರಿ ಮುಟ್ಟಿತ್ತು. ಅವ್ವ ಮನೆಯ ಗೋಡೆಯಲ್ಲಿದ್ದ ನೀಲಿ ಕೋಟಿನ ಪಟಕ್ಕೆ ಮುಂಜಾನೆ ಹಾಕಿದ್ದ ಚೆಂಡುಹೂವಿನ ಹಾರವನ್ನು ತೆಗೆದು ತಂದು ಗಾಡಿಯ ಮೂತಿಗೆ ಹಾಕಿದಳು. ಆಮೇಲೆ ಶುರುವಾಯಿತು. ಎಲ್ಲರಿಗೂ ಒಂದು ಸುತ್ತು ಬೇಕು. ಜೀಪಾದರೆ ಹತ್ತು ಮಂದಿ ಹೇರಬಹುದಿತ್ತು, ಇದರಲ್ಲಿ ಒಂದು ಸಲಕ್ಕೆ ಒಬ್ಬರೇ. ಎಲ್ಲಿಗೆ ಹೋಗೋಣ ಎಂದು ಮೊದಲನೆಯವಳನ್ನು, ನಮ್ಮ ಸೋದರತ್ತೆಯನ್ನು, ಕೇಳಿದೆ. ಅವಳು ಇದೂ ಕೇಳುವ ಮಾತೇ ಎಂಬಂತೆ ನನ್ನ ಮುಖ ನೋಡಿದಳು. ಅಗಸಿಯಿಂದ ಹೊರಗೆ ಹೋಗಿ ತಿರುಗಿಸಿಕೊಂಡು ಅಗಸಿಯಿಂದಲೇ ಒಳಗೆ ಬಂದೆವು. ಆಮೇಲೆ ಯಾರನ್ನೂ ಕೇಳಲಿಲ್ಲ. ಊರಾಚೆ ನದಿ ಇತ್ತು, ನೆಟ್ಟಗಿನ ರಸ್ತೆ ಇತ್ತು. ಯಾರಿಗೂ ಅವು ಬೇಡ. ಒಬ್ಬ ಮುದುಕ ಮಾತ್ರ ಅಭ್ಯಾಸಬಲದಿಂದ ಹೊಸ್ತಿಲ ಹತ್ತಿರ ಬಾಗಿಲು ತೆಗೆಯಲು ಹೋದ. ಕೂತಿರು ಅಜ್ಜಾ, ಬಾಗಿಲು ತೆಗೆದರೆ ಮುಚ್ಚುವುದು ಕಷ್ಟ ಅಂದೆ. ಕೂತ.

ಅವ್ವ ಮಾತ್ರ ಅವರದಾಗಲಿ, ಇವರದಾಗಲಿ ಎಂದು ಹಿಂದೆ ಸರಿಯುತ್ತಲೇ ಇದ್ದಳು. ಹೊತ್ತು ಮುಳುಗುವ ವೇಳೆಗೆ ಕೇರಿಯ ಎಲ್ಲರೂ ಮುಗಿದರು, ಅದರೊಂದಿಗೆ ಗಾಡಿಯ ಪೆಟ್ರೋಲೂ ಮುಗಿಯಿತು. ನಮ್ಮ ಮನೆಯ ಮುಂದೆಯೇ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಪೆಟ್ರೋಲು ಬೇಕಾದರೆ ಚಿತ್ತಾಪುರಕ್ಕೆ ಹೋಗಬೇಕು. ನಾಳೆ ನಿನ್ನನ್ನು ಸೇಡಂವರೆಗೆ ಕರೆದೊಯ್ಯುತ್ತೇನೆ ಎಂದು ಹೇಳಲು ತಿರುಗಿದೆ. ಅವ್ವ ಒಳಗಿನಿಂದ ಬರುತ್ತಿದ್ದಳು. ಮೈಮೇಲೆ ಇಳಕಲ್ಲ ಸೀರೆ. ಮದುವೆ ಹಬ್ಬಕ್ಕೆಂದು ಪೆಟ್ಟಿಗೆಯಲ್ಲಿ ಇಟ್ಟಿದ್ದ ಸೀರೆಯನ್ನು ತೆಗೆದು ಉಟ್ಟು, ಮುಖ ತೊಳೆದು, ತಲೆ ಬಾಚಿಕೊಂಡು ಬಂದಿದ್ದಳು.

ಅಪ್ಪ ಸೀರೆ ನೋಡಿದ, ಗಾಡಿ ನೋಡಿದ. ಎಂಥೆಂಥಾ ಕಲ್ಲು ತಳ್ಳಿದ್ದೇನೆ, ಇದೇನು ದೊಡ್ಡದು ಎಂದು ರುಮಾಲು ಬಿಗಿದು ಗಾಡಿಯ ಹಿಂದೆ ಹೋಗಿ ನಿಂತ. ಅವನ ಹಿಂದೆ ಕೇರಿಯ ಹತ್ತು ಮಂದಿ ನಿಂತರು. ಅವ್ವ ಹತ್ತಿ ಕೂತು ಸೆರಗು ಸರಿಮಾಡಿಕೊಂಡಳು. ನಾನು ಸ್ಟೀರಿಂಗ್ ಹಿಡಿದೆ. ಗಾಡಿ ಸದ್ದಿಲ್ಲದೆ ಉರುಳತೊಡಗಿತು. ಊರ ಮಂದಿ ಬಾಗಿಲಲ್ಲಿ ನಿಂತು ನೋಡಿದರು. ಅಗಸಿ ಸಮೀಪಿಸಿದಾಗ ಹಿಂದಿನಿಂದ ಅಪ್ಪ ಬಲ, ಬಲ ಎಂದು ಕೂಗುತ್ತಿದ್ದ. ಹೊರಗೆ ಹೋಗುವವರಿಗೆ ಆ ಗಟ್ಟಿ ಕಲ್ಲು ಎಡಕ್ಕೆ ಬರುತ್ತದೆ ಎನ್ನುವುದನ್ನು ಅವನು ಮರೆತಿದ್ದ. ನಾನು ಎಡಕ್ಕೇ ಹಿಡಿದೆ.

"ಸಾವಕಾಶ ತಳ್ರಿ," ಅವ್ವ ಅಂದಳು. ಅಷ್ಟೂ ದಾರಿಯಲ್ಲಿ ಅವಳು ಆಡಿದ ಮೊದಲ ಮಾತು ಅದು.

ಕಮಾನಿನ ಕೆಳಗೆ ಬಂದಾಗ ಅವಳು ತಲೆ ಎತ್ತಿದಳು. ಮೇಲೆ ಛಾವಣಿ ಇಲ್ಲದ ಗಾಡಿ, ತಡೆಯಲು ಏನೂ ಇರಲಿಲ್ಲ. ತಲೆಯ ಮೇಲಿನ ಸೆರಗು ಹಿಂದೆ ಜಾರಿತು, ಅವಳು ಎಳೆದುಕೊಳ್ಳಲಿಲ್ಲ.

"ಇಲ್ಲಿ ಗಿಳಿ ಕೆತ್ಯಾರಲ್ಲೋ ತಮ್ಮಾ," ಅಂದಳು.

ನಾನೂ ನೋಡಿದೆ. ಕಮಾನಿನ ಒಳಮೈಯಲ್ಲಿ, ಕಲ್ಲಿನಲ್ಲಿ, ಎದುರು ಬದುರಾಗಿ ಎರಡು ಗಿಳಿ ಇದ್ದವು. ಹದಿನಾರನೇ ವರ್ಷಕ್ಕೆ ಸೊಸೆಯಾಗಿ ಬಂದು ನಲವತ್ತು ವರ್ಷ ಆ ಅಗಸಿಯಿಂದ ತಲೆ ಬಗ್ಗಿಸಿಯೇ ಓಡಾಡಿದವಳು ಅವ್ವ. ಹಿಂದೆ ಗಾಡಿ ತಳ್ಳುತ್ತಿದ್ದವರು ಒಬ್ಬೊಬ್ಬರಾಗಿ ಕೈ ಬಿಟ್ಟು ಮೇಲೆ ನೋಡಿದರು. ಕೆಳಗಿನ ಕಲ್ಲು ಹಾಸಿದ ಅಪ್ಪನೂ ನೋಡಿದ. ಗಾಡಿ ಅಲ್ಲೇ ನಿಂತಿತು.